419 ಅಂದ್ರೇನು ಮೇಡಂ?

ಪ್ರಾಜೆಕ್ಟ್ ಸಲ್ಲಿಸುವ ದಿನ ಹತ್ತಿರ ಬಂತು ಅಂತ ಕಾಣುತ್ತೆ. ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಬಿಸಿಎ, ಎಂಸಿಎ ಮಕ್ಕಳದ್ದು. ಅದರಲ್ಲೂ ಲಾರಾವೆಲ್‌ನದ್ದು, ಅಂದರೆ ಪಿಎಚ್‌ಪಿ ಭಾಷೆಯಲ್ಲಿ ವೆಬ್‌ಸೈಟು ಕಟ್ಟಲು ಸಿಗುವ ಸಿದ್ಧ ಚೌಕಟ್ಟಿನದ್ದು (ಫ್ರೇಮ್‌ವರ್ಕ್). ವೈಫೈ, ಮೊಬೈಲ್ ಬ್ಯಾಟರಿ ಬಗ್ಗೆ ಕೇಳಿದವರು ಮುಂದಿನ ಸಂಚಿಕೆವರೆಗೆ ಸ್ವಲ್ಪ ತಾಳಿಕೊಳ್ಳಿ.

ಇನ್ನೊಂದು ಮಾತು. ಎಂವಿಸಿ (ಮಾಡೆಲ್-ವ್ಯೂ-ಕಂಟ್ರೋಲರ್: ಮಾಹಿತಿ ನೋಡಿಕೊಳ್ಳುವುದು, ತೋರಿಸುವುದು, ನಡುವೆ ನಿಂತು ನಡೆಸುವುದು ಅಂತ ಕೋಡನ್ನು ಮೂರು ಪಾಲು ಮಾಡುವ ಪದ್ಧತಿ) ಅಂದ ಕೂಡಲೇ ಎಲ್ಲರೂ ಹೋಟೆಲು, ಮಾಣಿ, ಅಡುಗೆಮನೆ ಅಂತ ಶುರು ಮಾಡುತ್ತಾರೆ. ನನಗೆ ಅದು ಕೇಳಿ ಕೇಳಿ ಸಾಕಾಗಿದೆ. ನನ್ನ ಉದಾಹರಣೆಗಳೆಲ್ಲ ನನ್ನ ಸೋದರಮಾವನ ಅಂಗಡಿಯವು. ತಿಪಟೂರಿನಲ್ಲಿ ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ ಬಾಡಿಗೆಗೆ ಕೊಡುತ್ತಾರೆ. ಅವರ ಬುಕಿಂಗ್ ಪುಸ್ತಕವನ್ನು ಲಾರಾವೆಲ್‌ನಲ್ಲಿ ಮಾಡಿಕೊಟ್ಟವಳು ನಾನು. ದುಡ್ಡು ಇನ್ನೂ ಬಂದಿಲ್ಲ, ದೂರು ಮಾತ್ರ ತಪ್ಪದೆ ಬರುತ್ತದೆ.

ಪ್ರಶ್ನೆ: 'ಕಂಟ್ರೋಲರ್ ರಿಕ್ವೆಸ್ಟ್ ಪಡೆಯುತ್ತದೆ, ಮಾಡೆಲನ್ನು ಕೇಳುತ್ತದೆ, ವ್ಯೂಗೆ ಕೊಡುತ್ತದೆ' ಎಂದು ಪುಸ್ತಕದಲ್ಲಿದೆ. ಮೂರು ಡಬ್ಬಿ, ಮೂರು ಬಾಣ ಬರೆದು ಮಾರ್ಕ್ಸ್ ತಗೊಂಡೆ. ಆದರೆ ಕಂಟ್ರೋಲರ್ ಫೈಲ್ ತೆರೆದರೆ ಅಲ್ಲಿ ಸುಮ್ನೆ ಒಂದು ಕ್ಲಾಸ್ ಕೂತಿದೆ. ಅದನ್ನು ಕರೆಯುವವರು ಯಾರು?
— ಬಿಸಿಎ ವಿದ್ಯಾರ್ಥಿನಿ, ಹಾಸನ

ಉತ್ತರ: ಮಾರ್ಕ್ಸ್ ಬಂದ ಮೇಲೂ ಕೇಳಿದಿರಲ್ಲ, ಖುಷಿಯಾಯಿತು. ಒಂದೇ ಒಂದು ರಿಕ್ವೆಸ್ಟಿನ, ಅಂದರೆ ಬ್ರೌಸರ್ ಸೈಟಿಗೆ ಕಳಿಸುವ ಕೋರಿಕೆಯ, ಹಿಂದೆ ಹೋಗೋಣ. ಮಾವ 41ನೇ ಬುಕಿಂಗ್ ನೋಡಲು ಕ್ಲಿಕ್ ಮಾಡಿದರು ಅಂತಿಟ್ಟುಕೊಳ್ಳಿ. ವಿಳಾಸದ ಕೊನೆಯಲ್ಲಿ '/ಬುಕಿಂಗ್ಸ್/41' ಇದೆ.

ಇದು ಮೊದಲು ಮುಟ್ಟುವುದು ಎಂಜಿನ್‌ಎಕ್ಸ್ ಅಥವಾ ಅಪಾಚೆ ಸರ್ವರನ್ನು. ಆ ಹೆಸರಿನ ನಿಜವಾದ ಫೈಲು ಪಬ್ಲಿಕ್ ಫೋಲ್ಡರಿನಲ್ಲಿ ಇದೆಯಾ ಅಂತ ಅದು ನೋಡುತ್ತದೆ. ಅಂಗಡಿಯ ಲೋಗೋ ಚಿತ್ರವಾಗಿದ್ದರೆ ಅಲ್ಲಿಂದಲೇ ಕೊಟ್ಟು ಕಳಿಸುತ್ತದೆ, ಲಾರಾವೆಲ್‌ಗೆ ಸುದ್ದಿಯೇ ಗೊತ್ತಾಗುವುದಿಲ್ಲ. '/ಬುಕಿಂಗ್ಸ್/41' ಅನ್ನುವ ಫೈಲು ಎಲ್ಲೂ ಇಲ್ಲ. ಇಲ್ಲದ್ದನ್ನೆಲ್ಲ ಸರ್ವರ್ ಒಂದೇ ಕಡೆ ತಳ್ಳುತ್ತದೆ: ಇಂಡೆಕ್ಸ್ ಪಿಎಚ್‌ಪಿ. ತೆರೆದು ನೋಡಿ, ಹೆಚ್ಚುಕಡಿಮೆ ಇಪ್ಪತ್ತು ಸಾಲು ಅಷ್ಟೇ. ಇಡೀ ಅಪ್ಲಿಕೇಶನ್ನಿಗೆ ಅದೊಂದೇ ಹೆಬ್ಬಾಗಿಲು. 'ರಿಪೇರಿ ನಡೆಯುತ್ತಿದೆ' ಅಂತ ನೀವು ಸೈಟು ಮುಚ್ಚಿದ್ದರೆ ಅದನ್ನು ಮೊದಲು ನೋಡುವುದೂ ಅಲ್ಲೇ; ಮೊದಲೇ ಸಿದ್ಧ ಮಾಡಿಟ್ಟ ಪುಟ ಇದ್ದರೆ 503 ಹೇಳಿ ಅಲ್ಲಿಂದಲೇ ವಾಪಸ್ ಕಳಿಸುತ್ತದೆ, ಇಲ್ಲದಿದ್ದರೆ ಆ ಕೆಲಸ ಮುಂದೆ ಹೇಳುವ ಮಿಡಲ್‌ವೇರ್‌ನದ್ದು.

ಒಳಗೆ ಬಂದ ಮೇಲೆ ಸಿದ್ಧತೆ. ಎನ್ವ್ ಫೈಲಿನಿಂದ ಪಾಸ್‌ವರ್ಡ್ ಮುಂತಾದವು ಬರುತ್ತವೆ, ಕಾನ್ಫಿಗ್ (ಸೆಟ್ಟಿಂಗುಗಳು) ಓದುತ್ತದೆ, ಸರ್ವಿಸ್ ಪ್ರೊವೈಡರ್‌ಗಳು (ಒಂದೊಂದು ಸೌಲಭ್ಯ ಒದಗಿಸುವ ಭಾಗಗಳು) ಏಳುತ್ತವೆ. ಇವು ಏಳುವುದು ಎರಡು ಸುತ್ತಿನಲ್ಲಿ. ಮೊದಲ ಸುತ್ತಿನಲ್ಲಿ ಎಲ್ಲವೂ 'ನಾನಿದ್ದೀನಿ' ಅಂತ ಹೆಸರು ಹೇಳುತ್ತವೆ, ಎರಡನೆಯದರಲ್ಲಿ ಕೆಲಸಕ್ಕೆ ಇಳಿಯುತ್ತವೆ. ಒಂದಕ್ಕೆ ಇನ್ನೊಂದು ಬೇಕಾದರೆ ಹೆಸರೇ ಬರೆಸಿಲ್ಲ ಅನ್ನುವ ಫಜೀತಿ ಬರಬಾರದಲ್ಲ, ಅದಕ್ಕೆ.

ಆಮೇಲೆ ಮಿಡಲ್‌ವೇರ್. ಇದು ಸಾಲಾಗಿ ನಿಂತ ಬಾಗಿಲುಗಳು. ಮೊದಲ ಕೆಲವು ಬಾಗಿಲು ಪ್ರತಿ ರಿಕ್ವೆಸ್ಟಿಗೂ ಉಂಟು. ಫಾರಂನಲ್ಲಿ ಬರೆದ ಹೆಸರಿನ ಹಿಂದೆ ಮುಂದೆ ಉಳಿದ ಖಾಲಿ ಜಾಗ ಕತ್ತರಿಸುವುದೂ ಇಲ್ಲೇ, ಖಾಲಿ ಬಿಟ್ಟ ಕಾಲಮ್ಮನ್ನು ನಲ್ ಮಾಡುವುದೂ ಇಲ್ಲೇ. (ಫೋನ್ ನಂಬರ್ ಬರೆಯದೆ ಉಳಿಸಿದರೆ ಡೇಟಾಬೇಸ್ ಯಾಕೆ ಸಿಡುಕುತ್ತದೆ ಅಂತ ಒಂದು ಮಧ್ಯಾಹ್ನ ಪೂರ್ತಿ ತಲೆ ಕೆರೆದುಕೊಂಡಿದ್ದೆ. ಕಾರಣ ಇದೇ.) ಆಮೇಲೆ ರೌಟರ್ (ವೈಫೈ ಡಬ್ಬವಲ್ಲ, ವಿಳಾಸ ನೋಡಿ ದಾರಿ ತೋರಿಸುವ ಲಾರಾವೆಲ್‌ನ ಭಾಗ) ಬಂದು ವಿಳಾಸ ಓದುತ್ತದೆ. ನೀವು ಬರೆದಿಟ್ಟ ರೂಟ್‌ಗಳನ್ನು (ಯಾವ ವಿಳಾಸಕ್ಕೆ ಯಾವ ಮೆಥಡ್ ಅನ್ನುವ ಸಾಲುಗಳು) ಮೇಲಿಂದ ಕೆಳಗೆ ಹೋಲಿಸಿ 'ಇದು ಬುಕಿಂಗ್ ಕಂಟ್ರೋಲರಿನ ಶೋ ಅನ್ನುವ ಮೆಥಡ್‌ಗೆ' ಎಂದು ಗುರುತಿಸುತ್ತದೆ. ಹಾಗಂತ ಇನ್ನೂ ಕರೆಯುವುದಿಲ್ಲ. ಮತ್ತೆ ಕೆಲವು ಬಾಗಿಲುಗಳಿವೆ: ಕುಕೀಯ (ಬ್ರೌಸರ್ ಇಟ್ಟುಕೊಂಡು ಪ್ರತಿ ಸಲ ಜೊತೆಗೆ ಕಳಿಸುವ ಚೀಟಿ) ಬೀಗ ಬಿಡಿಸುವುದು, ಸೆಷನ್ (ಒಬ್ಬ ಬಳಕೆದಾರನ ಬಗ್ಗೆ ಸೈಟು ಇಟ್ಟುಕೊಳ್ಳುವ ನೆನಪು) ಶುರು ಮಾಡುವುದು, ಟೋಕನ್ ಪರೀಕ್ಷೆ (ಇದರ ಕಥೆ ಮುಂದೆ 419ರ ಪ್ರಶ್ನೆಯಲ್ಲಿ).

ಇಲ್ಲಿ ಒಂದು ತಮಾಷೆ ಇದೆ. ಶೋ ಮೆಥಡ್ಡಿನ ಆವರಣದಲ್ಲಿ ನೀವು 'ಬುಕಿಂಗ್' ಮಾಡೆಲ್ ಹೆಸರು ಬರೆದಿದ್ದರೆ, 41 ಅನ್ನುವ ಅಂಕಿ ಹಿಡಿದು ಡೇಟಾಬೇಸಿನಿಂದ ಆ ಸಾಲನ್ನು ತರುವವರು ಕಂಟ್ರೋಲರ್ ಅಲ್ಲ, ಒಂದು ಮಿಡಲ್‌ವೇರ್! ಕಂಟ್ರೋಲರಿನ ಮೊದಲ ಸಾಲು ಓಡುವ ಮೊದಲೇ ಬುಕಿಂಗ್ ಕೈಗೆ ಬಂದಿರುತ್ತದೆ. ಸಾಲು ಸಿಗದಿದ್ದರೆ ಅಲ್ಲಿಂದಲೇ 404, ಅಂದರೆ 'ಸಿಗಲಿಲ್ಲ'. ನಿಮ್ಮ ಪುಸ್ತಕದ ಬಾಣ ಇಲ್ಲಿ ಸ್ವಲ್ಪ ಸುಳ್ಳು ಹೇಳುತ್ತದೆ.

ಈಗ ಕಂಟ್ರೋಲರ್. ಅದನ್ನು ಕರೆಯುವುದು ಫ್ರೇಮ್‌ವರ್ಕಿನ ರೌಟರ್. ಶೋ ಮೆಥಡ್ 'ಈ ವ್ಯೂ, ಈ ಬುಕಿಂಗ್' ಅಂತ ಹೇಳಿ ಕೈ ತೊಳೆದುಕೊಳ್ಳುತ್ತದೆ. ಬ್ಲೇಡ್ ಫೈಲು (ಲಾರಾವೆಲ್‌ನಲ್ಲಿ ವ್ಯೂ ಬರೆಯುವ ಫೈಲು) ಎಚ್‌ಟಿಎಂಎಲ್ ಆಗುವುದು ಮೆಥಡ್ ಮುಗಿದ ಮೇಲೆ. ಅದಕ್ಕೇ ಕಂಟ್ರೋಲರಿನಲ್ಲಿ ಟ್ರೈ-ಕ್ಯಾಚ್ (ತಪ್ಪು ಹಿಡಿಯುವ ಬಲೆ) ಹಾಕಿದರೂ ಬ್ಲೇಡ್ ಒಳಗಿನ ತಪ್ಪು ಅದಕ್ಕೆ ಸಿಗುವುದಿಲ್ಲ. ತುಂಬಾ ಜನ ಇಲ್ಲಿ ಎಡವುತ್ತಾರೆ.

ಉತ್ತರ ಸಿದ್ಧವಾದ ಮೇಲೆ ಬಂದ ದಾರಿಯಲ್ಲೇ ಹಿಂದಕ್ಕೆ ನಡೆಯುತ್ತದೆ. ಕೊನೆಯ ಬಾಗಿಲು ಈಗ ಮೊದಲನೆಯದು. ಹೋಗುತ್ತಾ ಸೆಷನ್ ಉಳಿಸಿ, ಕುಕೀಗೆ ಬೀಗ ಹಾಕಿ, ಇಂಡೆಕ್ಸ್ ಪಿಎಚ್‌ಪಿ ದಾಟಿ ಮಾವನ ಸ್ಕ್ರೀನಿಗೆ ಬರುತ್ತದೆ.

ಪ್ರಶ್ನೆ: ಯೂಟ್ಯೂಬಿನಲ್ಲಿ 'ಎಚ್‌ಟಿಟಿಪಿ ಫೋಲ್ಡರಿನ ಕರ್ನೆಲ್ ಫೈಲ್ ತೆರೆದು ಮಿಡಲ್‌ವೇರ್ ಸೇರಿಸಿ' ಅಂತಾರೆ. ನನ್ನಲ್ಲಿ ಆ ಫೈಲೇ ಇಲ್ಲ. ಮೂರು ಸಲ ಇನ್‌ಸ್ಟಾಲ್ ಮಾಡಿದೆ.
— ಡಿಪ್ಲೊಮಾ ವಿದ್ಯಾರ್ಥಿ, ಗದಗ

ಉತ್ತರ: ಮೂವತ್ತು ಸಲ ಮಾಡಿದರೂ ಬರಲ್ಲ ಕಣಪ್ಪ. 2024ರ ಮಾರ್ಚಿನಲ್ಲಿ ಬಂದ ಲಾರಾವೆಲ್ 11ರಲ್ಲಿ ಆ ಫೈಲನ್ನು ತೆಗೆದರು. ಈಗ ಅದೇ ಕೆಲಸ ಬೂಟ್‌ಸ್ಟ್ರ್ಯಾಪ್ ಫೋಲ್ಡರಿನ ಆ್ಯಪ್ ಪಿಎಚ್‌ಪಿ ಫೈಲಿನಲ್ಲಿ 'ವಿತ್‌ಮಿಡಲ್‌ವೇರ್' ಅನ್ನುವ ಕಡೆ. ವಿಡಿಯೋ ನೋಡುವ ಮೊದಲು ಅದು ಯಾವ ವರ್ಷದ್ದು ನೋಡಿ.

ಪ್ರಶ್ನೆ: ನನ್ನ ಫಾರಂ ಕೆಲವೊಮ್ಮೆ ಸೇವ್ ಆಗುತ್ತದೆ, ಕೆಲವೊಮ್ಮೆ '419 ಪೇಜ್ ಎಕ್ಸ್‌ಪೈರ್ಡ್' ಬರುತ್ತದೆ. 419 ಅಂದ್ರೇನು ಮೇಡಂ? ಸ್ನೇಹಿತ ಆ ಚೆಕ್ಕನ್ನೇ ತೆಗೆದುಬಿಡು ಅಂತಾನೆ. ತೆಗೀಲಾ?
— ಎಂಸಿಎ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಬೇಡ. ಸ್ನೇಹಿತನನ್ನು ಇಟ್ಟುಕೊಳ್ಳಿ, ಸಲಹೆ ಬಿಡಿ.

ಮಾವ ಒಂದು ದಿನ ಫೋನ್ ಮಾಡಿದರು. 'ಏನವ್ವಾ, ನಿನ್ ಡಬ್ಬ ನಾಕ್ನೂರ ಹತ್ತೊಂಬತ್ತು ಅಂತೈತೆ. ಯಾರಿಗೆ ಕೊಡ್ಬೇಕು ಅಷ್ಟು ದುಡ್ಡು?' ನಗು ತಡೆದುಕೊಂಡು ಕೇಳುತ್ತಾ ಹೋದೆ. ಬೆಳಿಗ್ಗೆ ಹನ್ನೊಂದೂವರೆಗೆ ಯಾರೋ ಗೃಹಪ್ರವೇಶಕ್ಕೆ ಬುಕ್ ಮಾಡಲು ಬಂದಿದ್ದಾರೆ. ಮಾವ ಫಾರಂ ತೆರೆದು ಅರ್ಧ ತುಂಬಿದ್ದಾರೆ. ಅವರು 'ಕುರ್ಚಿ ಎಷ್ಟು ಅಂತ ಮನೇಲಿ ಕೇಳ್ಕೊಂಡ್ ಬತ್ತೀನಿ' ಅಂತ ಹೋಗಿದ್ದಾರೆ. ಮಾವ ಊಟಕ್ಕೆ ಹೋಗಿ, ಒಂದು ನಿದ್ದೆ ತೆಗೆದು, ಮೂರು ಗಂಟೆಗೆ ಬಂದು ಉಳಿದದ್ದು ತುಂಬಿ ಸೇವ್ ಒತ್ತಿದ್ದಾರೆ. 419.

ಲಾರಾವೆಲ್‌ನಲ್ಲಿ ಸೆಷನ್ನಿನ ಆಯಸ್ಸು ನಾವು ಬದಲಿಸದಿದ್ದರೆ 120 ನಿಮಿಷ. ಫಾರಂ ತೆರೆದಾಗ ಅದರೊಳಗೆ ಕಣ್ಣಿಗೆ ಕಾಣದ ಒಂದು ಟೋಕನ್ ಕೂತಿರುತ್ತದೆ. ಅದರ ಜೋಡಿ ಸೆಷನ್ನಿನಲ್ಲಿ ಇರುತ್ತದೆ. ಸೇವ್ ಒತ್ತಿದಾಗ ಬಾಗಿಲಲ್ಲಿ ಎರಡನ್ನೂ ತಾಳೆ ನೋಡುತ್ತಾರೆ. ಮಾವನ ನಿದ್ದೆಯಲ್ಲಿ ಸೆಷನ್ ಸತ್ತಿತ್ತು, ತಾಳೆಯಾಗಲಿಲ್ಲ. ಅಂದರೆ ರಿಕ್ವೆಸ್ಟ್ ಕಂಟ್ರೋಲರಿನ ತನಕ ಬರಲೇ ಇಲ್ಲ. ಅದಕ್ಕೇ ನೀವು ಕಂಟ್ರೋಲರಿನಲ್ಲಿ ಎಷ್ಟು 'ಡಿಡಿ' (ಒಳಗಿರುವುದನ್ನು ತೋರಿಸಿ ಅಲ್ಲೇ ನಿಲ್ಲಿಸುವ ಸಾಲು) ಹಾಕಿ ಕೂತರೂ ಏನೂ ಕಾಣುವುದಿಲ್ಲ.

ಈ ಟೋಕನ್ ಯಾಕೆ? ನೀವು ನಿಮ್ಮ ಸೈಟಿಗೆ ಲಾಗಿನ್ ಆಗಿದ್ದೀರಿ. ಪಕ್ಕದ ಟ್ಯಾಬಿನಲ್ಲಿ ಯಾವುದೋ ಕಳ್ಳ ಪುಟ ತೆರೆದಿದೆ. ಆ ಪುಟ ಸದ್ದಿಲ್ಲದೆ ನಿಮ್ಮ ಸೈಟಿಗೇ ಒಂದು ಫಾರಂ ಕಳಿಸಬಹುದು, ಬ್ರೌಸರ್ ನಿಮ್ಮ ಕುಕೀಯನ್ನೂ ಅಂಟಿಸಿಬಿಡಬಹುದು. ಆದರೆ ಟೋಕನ್ ಆ ಕಳ್ಳನಿಗೆ ಗೊತ್ತಿರಲ್ಲ. ಚೆಕ್ ತೆಗೆದರೆ ಆ ಬಾಗಿಲಿಗೆ ಚಿಲಕವೇ ಇಲ್ಲ.

ನಿಮ್ಮದು 'ಕೆಲವೊಮ್ಮೆ' ಅಂದಿದ್ದೀರಿ, ಹಾಗಾಗಿ ಬಹುಶಃ ಮಾವನ ಕಾಯಿಲೆಯೇ. ಯಾವಾಗಲೂ ಬರುತ್ತಿದ್ದರೆ ಸಾಮಾನ್ಯವಾಗಿ ಬ್ಲೇಡ್ ಫಾರಂ ಒಳಗೆ ಟೋಕನ್ನಿನ ಸಾಲು ಬರೆಯೋದು ಮರೆತಿದ್ದೀರಿ ಅಂತ ಅರ್ಥ. ನಾನು ಅಂಗಡಿಯ ಸೆಷನ್ನನ್ನು 720 ನಿಮಿಷ ಮಾಡಿದೆ. ಕೌಂಟರಿನ ಕಂಪ್ಯೂಟರ್ ಒಂದೇ, ಕೂರುವವರೂ ಮಾವ ಒಬ್ಬರೇ, ಅದಕ್ಕೆ ಧೈರ್ಯ. ಸೈಬರ್ ಸೆಂಟರಿನಂಥ ಕಡೆ ಹೀಗೆ ಮಾಡಬೇಡಿ.

ಪ್ರಶ್ನೆ: '/ಬುಕ್ಸ್/5' ತೆರೆಯುತ್ತದೆ. '/ಬುಕ್ಸ್/ಕ್ರಿಯೇಟ್' ಅಂದರೆ 404. ರೂಟ್ ಬರೆದಿದ್ದೇನೆ, ಆಣೆ ಮಾಡಿ ಹೇಳ್ತೀನಿ.
— ವಿದ್ಯಾರ್ಥಿನಿ, ಶಿರಸಿ

ಉತ್ತರ: ಆಣೆ ಬೇಡ, ನಂಬಿದೆ. ಬರೆದಿದ್ದೀರಿ, ಆದರೆ ಕೆಳಗೆ ಬರೆದಿದ್ದೀರಿ. ಮೇಲೆ 'ಬುಕ್ಸ್ ಆದ ಮೇಲೆ ಯಾವುದಾದರೂ ಐಡಿ' ಅನ್ನುವ ರೂಟ್ ಇದೆ, ಅಲ್ವಾ? ರೌಟರ್ ಮೇಲಿಂದ ಓದುತ್ತದೆ. 'ಕ್ರಿಯೇಟ್' ಅನ್ನುವುದನ್ನೇ ಐಡಿ ಅಂದುಕೊಂಡು ಆ ನಂಬರಿನ ಪುಸ್ತಕ ಹುಡುಕಲು ಹೋಗಿ ಬರಿಗೈಯಲ್ಲಿ ಬರುತ್ತದೆ. ಕ್ರಿಯೇಟ್ ಸಾಲನ್ನು ಮೇಲಕ್ಕೆ ಎತ್ತಿ. ಇಲ್ಲವೇ ಐಡಿ ಅಂಕಿಯೇ ಆಗಿರಬೇಕು ಅಂತ 'ವೇರ್‌ನಂಬರ್' ಹಾಕಿ. ಟರ್ಮಿನಲ್ಲಿನಲ್ಲಿ 'ಆರ್ಟಿಸನ್ ರೂಟ್ ಲಿಸ್ಟ್' ಕೊಟ್ಟರೆ ಯಾವ ವಿಳಾಸ ಯಾವ ಮೆಥಡ್ಡಿಗೆ ಅಂತ ಪಟ್ಟಿ ಬರುತ್ತದೆ.

ಹಾಗೇ ನೆನಪಿಡಿ, 404ರಲ್ಲಿ ಎರಡು ಜಾತಿ. ಲಾರಾವೆಲ್ ಕೊಡುವ 404 ಬೇರೆ, ಸರ್ವರೇ ಕೊಡುವುದು ಬೇರೆ. ನೋಡಲೂ ಬೇರೆ ಥರ ಇರುತ್ತವೆ. ಮುಖಪುಟ ತೆರೆದು ಉಳಿದದ್ದೆಲ್ಲ ಸರ್ವರಿನ 404 ಆದರೆ ರಿಕ್ವೆಸ್ಟ್ ಇಂಡೆಕ್ಸ್ ಪಿಎಚ್‌ಪಿಗೇ ಬಂದಿಲ್ಲ. ಅಪಾಚೆ ಸರ್ವರಾದರೆ ಸಾಮಾನ್ಯವಾಗಿ ಹೋಸ್ಟಿಂಗಿಗೆ ಕಾಪಿ ಮಾಡುವಾಗ ಚುಕ್ಕಿಯಿಂದ ಶುರುವಾಗುವ ಎಚ್‌ಟಿ-ಆಕ್ಸೆಸ್ ಫೈಲು ಬಿಟ್ಟುಹೋಗಿರುತ್ತದೆ. ಆಗ ರೂಟ್ ಫೈಲನ್ನು ಕೆದಕಿ ಉಪಯೋಗವಿಲ್ಲ. 405 ಬಂದರೆ ವಿಳಾಸ ಸರಿ ಇದೆ, ಗೆಟ್ (ನೋಡಲು ಕೇಳುವುದು), ಪೋಸ್ಟ್ (ತುಂಬಿ ಕಳಿಸುವುದು) ಅದಲುಬದಲಾಗಿದೆ. 403 ಅಂದರೆ ಒಳಗೆ ಬಂದಿದ್ದೀರಿ, ಅನುಮತಿ ಇಲ್ಲ. 500 ಅಂದರೆ ಸಾಮಾನ್ಯವಾಗಿ ನಮ್ಮದೇ ಕೋಡಿನ ಕರಾಮತ್ತು. ಯಾವ ನಂಬರು ಅಂತ ನೋಡಿದರೆ ಯಾವ ಬಾಗಿಲಲ್ಲಿ ನಿಂತಿತು ಅಂತ ಗೊತ್ತಾಗುತ್ತದೆ. ನಾನು ಲಾಗ್ ಫೈಲ್ ತೆರೆಯುವ ಮೊದಲು ನೋಡುವುದು ಆ ಮೂರು ಅಂಕಿಯನ್ನೇ.

ಪ್ರಶ್ನೆ: ಎಂವಿಸಿಯನ್ನು ವೆಬ್‌ಗಾಗಿ ಕಂಡುಹಿಡಿದರು ಅಂತ ವೈವಾದಲ್ಲಿ ಹೇಳಿದೆ. ಎಕ್ಸ್‌ಟರ್ನಲ್ ನಕ್ಕರು. ಯಾಕೆ?
— ಬಿಸಿಎ ವಿದ್ಯಾರ್ಥಿ, ಮಂಡ್ಯ

ಉತ್ತರ: ವೆಬ್ ಹುಟ್ಟುವುದಕ್ಕೆ ಸುಮಾರು ಹತ್ತು ವರ್ಷ ಮೊದಲೇ ಅದು ಹುಟ್ಟಿತ್ತು, ಅದಕ್ಕೆ. ನಾರ್ವೆಯ ಟ್ರಿಗ್ವೆ ರೀನ್ಸ್‌ಕೌಗ್ ಎಂಬುವರು 1979ರಲ್ಲಿ ಕ್ಯಾಲಿಫೋರ್ನಿಯಾದ ಜೆರಾಕ್ಸ್ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿದ್ದಾಗ ಇದನ್ನು ಬರೆದಿಟ್ಟರು. ಸ್ಮಾಲ್‌ಟಾಕ್ ಭಾಷೆಗೆ. ಮೊದಲ ಟಿಪ್ಪಣಿಯಲ್ಲಿ ಹೆಸರು 'ಥಿಂಗ್-ಮಾಡೆಲ್-ವ್ಯೂ-ಎಡಿಟರ್' ಅಂತಿತ್ತು, ಅದೇ ವರ್ಷ ಡಿಸೆಂಬರಿನಲ್ಲಿ ಈಗಿನ ಹೆಸರಾಯಿತು. ಅಲ್ಲಿ ಕಂಟ್ರೋಲರ್ ಅಂದರೆ ಮೌಸ್, ಕೀಬೋರ್ಡ್ ನೋಡಿಕೊಳ್ಳುವವನು. ಮಾಡೆಲ್ ಬದಲಾದರೆ ವ್ಯೂಗೆ ಕೂಡಲೇ ಸುದ್ದಿ ಹೋಗುತ್ತಿತ್ತು. ವೆಬ್‌ನಲ್ಲಿ ಅದು ಹೇಗೆ ಆಗುತ್ತದೆ? ಪುಟ ಒಮ್ಮೆ ಬ್ರೌಸರಿಗೆ ಹೋಯಿತೆಂದರೆ ಹೋಯಿತು. 41ನೇ ಬುಕಿಂಗ್ ಯಾರೋ ಬದಲಿಸಿದರೂ ಮಾವನ ಸ್ಕ್ರೀನಿನಲ್ಲಿ ಹಳೆಯದೇ ಇರುತ್ತದೆ, ಅವರಾಗಿ ರಿಫ್ರೆಶ್ ಮಾಡುವ ತನಕ. ಹೆಸರು ಉಳಿಯಿತು, ಒಳಗಿನ ವ್ಯವಹಾರ ಬದಲಾಯಿತು.

2004ರಲ್ಲಿ ರೂಬಿ ಆನ್ ರೈಲ್ಸ್ ಅನ್ನುವ ವೆಬ್ ಫ್ರೇಮ್‌ವರ್ಕ್ ಬಂದ ಮೇಲೆ ಈ ಹೆಸರು ವೆಬ್‌ನವರ ಬಾಯಲ್ಲಿ ಜಾಸ್ತಿ ಓಡಾಡತೊಡಗಿತು. ಲಾರಾವೆಲ್ 2011ರದ್ದು. ಮುಂದಿನ ವೈವಾದಲ್ಲಿ ಜಾಂಗೋ (ಪೈಥಾನ್ ಭಾಷೆಯ ಇಂಥದ್ದೇ ಫ್ರೇಮ್‌ವರ್ಕ್) ಬಗ್ಗೆ ಕೇಳಿದರೆ ಹುಷಾರು: ಅಮೆರಿಕದ ಕಾನ್ಸಸ್‌ನ ಒಂದು ಪತ್ರಿಕಾ ಕಚೇರಿಯಲ್ಲಿ ಹುಟ್ಟಿದ ಅದರಲ್ಲಿ 'ವ್ಯೂ' ಅನ್ನುವುದು ನಮ್ಮ ಕಂಟ್ರೋಲರಿನ ಕೆಲಸ ಮಾಡುತ್ತದೆ. ನಮ್ಮ ವ್ಯೂಗೆ ಅವರು ಟೆಂಪ್ಲೇಟ್ ಅಂತಾರೆ.

ಪ್ರಶ್ನೆ: ಎಷ್ಟು ಜನ ಪುಟ ನೋಡಿದರು ಅಂತ ಎಣಿಸಲು ಕಂಟ್ರೋಲರಿನಲ್ಲಿ ಒಂದು ವೇರಿಯಬಲ್ ಇಟ್ಟೆ. ಯಾವಾಗ ನೋಡಿದರೂ 1. ಸ್ಟಾಟಿಕ್ ಮಾಡಿದರೂ 1.
— ಕೆಲಸ ಹುಡುಕುತ್ತಿರುವವ, ವಿಜಯಪುರ

ಉತ್ತರ: ಮಾವನ ಕಸುಬೇ ಇದಕ್ಕೆ ಉತ್ತರ. ಮದುವೆಯ ಹಿಂದಿನ ದಿನ ಹುಡುಗರು ಹೋಗಿ ಕಂಬ ನೆಟ್ಟು, ಹಗ್ಗ ಬಿಗಿದು, ಬಟ್ಟೆ ಕಟ್ಟುತ್ತಾರೆ. ಊಟ ಮುಗಿದ ಮೇಲೆ ಎಲ್ಲ ಬಿಚ್ಚಿ ಲಗೇಜ್ ಆಟೋಗೆ ತುಂಬುತ್ತಾರೆ. ಅಲ್ಲಿ ಯಾರಾದರೂ ಶಾಮಿಯಾನದ ಕಂಬಕ್ಕೆ ಚೀಟಿ ಅಂಟಿಸಿದ್ದರೆ ಅದು ಮುಂದಿನ ಮದುವೆಗೆ ಬರುತ್ತದಾ? ಪಿಎಚ್‌ಪಿ ಸಾಮಾನ್ಯವಾಗಿ ಹೀಗೇ ನಡೆಯುವುದು. ಪ್ರತಿ ರಿಕ್ವೆಸ್ಟಿಗೂ ಇಡೀ ಅಪ್ಲಿಕೇಶನ್ ಹೊಸದಾಗಿ ಏಳುತ್ತದೆ, ಉತ್ತರ ಕೊಟ್ಟ ಮೇಲೆ ಪೂರ್ತಿ ಬಿಚ್ಚಿಕೊಳ್ಳುತ್ತದೆ. ನಿಮ್ಮ ವೇರಿಯಬಲ್ ಆ ಚೀಟಿ. ಉಳಿಯಬೇಕಾದದ್ದನ್ನು ಡೇಟಾಬೇಸಿಗೋ, ಕ್ಯಾಶ್‌ಗೋ (ದುಡ್ಡಲ್ಲ, ತಾತ್ಕಾಲಿಕ ಸಂಗ್ರಹ), ಒಬ್ಬರಿಗೆ ಮಾತ್ರ ಸಂಬಂಧಿಸಿದ್ದಾದರೆ ಸೆಷನ್ನಿಗೋ ಹಾಕಿ.

ಕಟ್ಟಿದ ಶಾಮಿಯಾನ ಬಿಚ್ಚದೇ ಇಡುವ ವ್ಯವಸ್ಥೆಯೂ ಇದೆ. ಆಕ್ಟೇನ್ ಅಂತ, 2021ರಲ್ಲಿ ಬಂತು. ವೇಗ ಜಾಸ್ತಿ. ಆದರೆ ಹಿಂದಿನ ಮದುವೆಯವರ ಹೆಸರಿನ ಬೋರ್ಡು ತೆಗೆಯದೆ ಬಿಟ್ಟರೆ ಇವತ್ತಿನ ಬೀಗರು ಸುಮ್ಮನಿರುತ್ತಾರಾ? ಒಬ್ಬರ ಮಾಹಿತಿ ಇನ್ನೊಬ್ಬರಿಗೆ ಕಾಣುವ ಅಪಾಯ ಅಲ್ಲಿದೆ. ಕೆಲಸ ಸಿಕ್ಕ ಮೇಲೆ ನೋಡಿಕೊಳ್ಳುವಿರಂತೆ.

ಪ್ರಶ್ನೆ: ಸೇವ್ ಆದ ಮೇಲೆ ರಿಫ್ರೆಶ್ ಮಾಡಿದರೆ ಅದೇ ದಾಖಲೆ ಮತ್ತೊಂದು ಸಲ ಸೇರುತ್ತದೆ.
— ಶಾಲಾ ಶಿಕ್ಷಕರು, ಚಾಮರಾಜನಗರ

ಉತ್ತರ: ಸರ್, ಈ ತಪ್ಪಿಗೆ ನಾನು ಬೈಗುಳ ತಿಂದಿದ್ದೇನೆ. ಮಾವನ ಹತ್ತಿರ ಇರುವುದು 500 ಕುರ್ಚಿ. ಒಬ್ಬರಿಗೆ 200 ಬುಕ್ ಮಾಡಿ, ಚೀಟಿ ಸರಿಯಾಗಿ ಕಾಣಲಿಲ್ಲ ಅಂತ ರಿಫ್ರೆಶ್ ಒತ್ತಿದರು. ಬ್ರೌಸರ್ 'ಮತ್ತೆ ಕಳಿಸಲಾ?' ಅಂತ ಕೇಳಿತು, ಹೂಂ ಅಂದರು. 400 ಹೋಯಿತು. ವೈಶಾಖದ ಸೀಸನ್ನು. ಮಧ್ಯಾಹ್ನ 250 ಕುರ್ಚಿ ಕೇಳಿಕೊಂಡು ಬಂದ ಗಿರಾಕಿಗೆ 'ಇಲ್ಲ' ಅಂದು ಕಳಿಸಿದರು. ಗೋಡೌನಿನಲ್ಲಿ ನೋಡಿದರೆ ಕುರ್ಚಿ ಗುಡ್ಡೆ ಬಿದ್ದಿವೆ.

ತಪ್ಪು ನನ್ನದು. ಸೇವ್ ಮಾಡಿದ ಕಂಟ್ರೋಲರಿನಿಂದಲೇ ನೇರವಾಗಿ ವ್ಯೂ ಕೊಟ್ಟಿದ್ದೆ. ಆಗ ಬ್ರೌಸರಿನ ಲೆಕ್ಕದಲ್ಲಿ ಆ ಪುಟ ಅಂದರೆ ಆ ಪೋಸ್ಟ್ ರಿಕ್ವೆಸ್ಟೇ. ರಿಫ್ರೆಶ್ ಅಂದರೆ ಅದನ್ನೇ ಮತ್ತೆ ಕಳಿಸು ಅಂತ. ಅದರ ಬದಲು ಉಳಿಸಿದ ಮೇಲೆ ರಿಡೈರೆಕ್ಟ್ ಕೊಡಬೇಕು. ಬ್ರೌಸರಿಗೆ 302 ಅಂತ ಉತ್ತರ, ಜೊತೆಗೆ 'ಈ ವಿಳಾಸಕ್ಕೆ ಹೋಗು' ಅನ್ನುವ ಸೂಚನೆ. ಅದು ಹೊಸದಾಗಿ ಗೆಟ್ ರಿಕ್ವೆಸ್ಟ್ ಮಾಡಿ '/ಬುಕಿಂಗ್ಸ್/42' ತೆರೆಯುತ್ತದೆ. ಇನ್ನು ನೂರು ಸಲ ರಿಫ್ರೆಶ್ ಒತ್ತಿದರೂ ನೋಡುವುದಷ್ಟೇ.

ಇದು ರಿಫ್ರೆಶ್‌ಗೆ ಮಾತ್ರ ಮದ್ದು. ಸೇವ್ ಬಟನ್ನನ್ನೇ ಟಕಟಕ ಎರಡು ಸಲ ಒತ್ತುವವರೂ ಇದ್ದಾರೆ. ಅವರಿಗಾಗಿ ಒತ್ತಿದ ಕೂಡಲೇ ಬಟನ್ ಮಂಕಾಗುವ ಹಾಗೆ ಮಾಡಿ. ಫಾರಂ ತೆರೆದಾಗಲೇ ಒಂದು ರಸೀದಿ ನಂಬರ್ ಕೊಟ್ಟು, ಅದೇ ನಂಬರ್ ಎರಡನೇ ಸಲ ಬಂದರೆ ಡೇಟಾಬೇಸೇ ಬೇಡ ಅನ್ನುವ ಹಾಗೆ ಯೂನಿಕ್ ಮಾಡಿದರೆ ಇನ್ನೂ ಗಟ್ಟಿ.

ಪ್ರಶ್ನೆ: ದಾಖಲೆ ಹತ್ತಿದ್ದಾಗ ಪುಟ ಚಕ್ ಅಂತ ಬರುತ್ತಿತ್ತು. ಈಗ ನೂರಾರು ಇವೆ, ತೆವಳುತ್ತಿದೆ. ಕಂಟ್ರೋಲರಿನಲ್ಲಿ ಒಂದೇ ಕ್ವೆರಿ ಇದೆ. ಸರ್ವರ್ ದೊಡ್ಡದು ತಗೊಳ್ಳಲಾ?
— ಸಣ್ಣ ಉದ್ಯಮದವರು, ಕುಂದಾಪುರ

ಉತ್ತರ: ದುಡ್ಡು ಇಟ್ಟುಕೊಳ್ಳಿ. ಕ್ವೆರಿ, ಅಂದರೆ ಡೇಟಾಬೇಸಿಗೆ ಕೇಳುವ ಪ್ರಶ್ನೆ, ಕಂಟ್ರೋಲರಿನಲ್ಲಿ ಒಂದೇ ಇರಬಹುದು, ಬ್ಲೇಡ್ ಒಳಗೆ ಎಷ್ಟಿದೆ ನೋಡಿದಿರಾ?

ಮಾವನ ವೈಶಾಖದ ಪಟ್ಟಿಯಲ್ಲಿ 60 ಬುಕಿಂಗ್ ಇದ್ದವು. ಒಂದೊಂದು ಸಾಲಿನಲ್ಲೂ ಗಿರಾಕಿಯ ಹೆಸರು, ಏನೇನು ಸಾಮಾನು ಅನ್ನುವುದು. ಕಂಟ್ರೋಲರ್ ಬುಕಿಂಗ್‌ಗಳನ್ನು ಒಂದು ಕ್ವೆರಿಯಲ್ಲಿ ತಂದಿತು. ಬ್ಲೇಡ್ ಲೂಪಿನಲ್ಲಿ 'ಈ ಬುಕಿಂಗಿನ ಗಿರಾಕಿಯ ಹೆಸರು' ಅಂದ ಕೂಡಲೇ ಮಾಡೆಲ್ ಎದ್ದು ಡೇಟಾಬೇಸಿಗೆ ಓಡುತ್ತದೆ. ಪಾಪ, ಅದು ವಿಧೇಯ. ಅರವತ್ತು ಸಲ ಗಿರಾಕಿಗೆ, ಅರವತ್ತು ಸಲ ಸಾಮಾನಿಗೆ. ಒಟ್ಟು 121 ಕ್ವೆರಿ. ವ್ಯೂ ಅಂದರೆ ಬರೀ ತೋರಿಸುವುದು ಅಂತ ಪುಸ್ತಕ ಹೇಳುತ್ತದೆ. ಇಲ್ಲಿ ಜಾಸ್ತಿ ಓಡಾಟ ನಡೆಯುತ್ತಿದ್ದದ್ದು ವ್ಯೂ ಒಳಗೇ.

ಕಂಟ್ರೋಲರಿನ ಕ್ವೆರಿಗೆ 'ವಿತ್' ಸೇರಿಸಿ, 'ಗಿರಾಕಿ ಮತ್ತು ಸಾಮಾನು ಜೊತೆಗೇ ತಾ' ಅನ್ನಿ. ಬುಕಿಂಗ್‌ಗೆ ಒಂದು, ಗಿರಾಕಿಗಳಿಗೆಲ್ಲ ಸೇರಿ ಒಂದು, ಸಾಮಾನಿಗೆಲ್ಲ ಸೇರಿ ಒಂದು. 121 ಇದ್ದದ್ದು ಮೂರಾಗುತ್ತದೆ. ಕೋಡ್ ಬರೆಯುವಾಗಲೇ ಸಿಕ್ಕಿಬೀಳಲಿ ಅಂದರೆ ನಿಮ್ಮ ಕಂಪ್ಯೂಟರಿನಲ್ಲಿ 'ಪ್ರಿವೆಂಟ್ ಲೇಜಿ ಲೋಡಿಂಗ್' ಹಾಕಿಡಿ. ಹೀಗೆ ಕದ್ದು ಓಡಿದಾಗ ಎರರ್ ಕೊಟ್ಟು ನಿಲ್ಲಿಸುತ್ತದೆ. ಗಿರಾಕಿಗಳು ಬಳಸುವ ಸರ್ವರಿನಲ್ಲಿ ಬೇಡ.

ಮಾವನಿಗೆ ಪಟ್ಟಿ ಈಗ ಒತ್ತಿದ ಕೂಡಲೇ ಬರುತ್ತದೆ. 'ಭಾಳ ಕೆಲಸ ಆಗಿರ್ಬೇಕಲ್ಲವ್ವಾ, ನಿದ್ದೆಗೆಟ್ಟು ಮಾಡ್ದಾ?' ಅಂತ ಕೇಳಿದರು. ಹೂಂ ಅಂದೆ. ಆ ವಾರ ಒಂದು ಚೀಲ ತೆಂಗಿನಕಾಯಿ ಬಂತು.